ಲ್ಯಾಬಿನಲ್ಲಿ ತಿರುಗಿದ ಚಕ್ರ ಅಲ್ಲೂ ತಿರುಗುತ್ತಾ?

ಪ್ರಶ್ನೆ: ಬಾಹ್ಯಾಕಾಶಕ್ಕೆ ಹೋಗುವ ಇನ್ಫ್ರಾರೆಡ್ ದೂರದರ್ಶಕದ ಫಿಲ್ಟರ್ ಚಕ್ರವನ್ನು (ಬೆಳಕಿನ ದಾರಿಗೆ ಬೇಕಾದ ಫಿಲ್ಟರನ್ನು ತಿರುಗಿಸಿ ತರುವ ಚಕ್ರ) ಲ್ಯಾಬಿನಲ್ಲಿ ಲಕ್ಷ ಸಲ ತಿರುಗಿಸಿ ನೋಡಿದ್ದೇವೆ. ಅದು ಕೆಲಸ ಮಾಡುವ ಚಳಿಯಷ್ಟು ತಣ್ಣಗೆ ಮಾಡಿ ಮತ್ತೆ ಪರೀಕ್ಷಿಸಲೇಬೇಕಾ?

ಉತ್ತರ: ಬೇಕೇ ಬೇಕು. ಈ ಪ್ರಶ್ನೆ ಪದೇ ಪದೇ ಬರುತ್ತಿದೆ, ಪ್ರತಿ ಸಲವೂ ನನಗೆ ದಿಗಿಲಾಗುತ್ತದೆ. ಲ್ಯಾಬಿನ ಗಾಳಿಯಲ್ಲಿ ಲಕ್ಷ ಸಲ ತಿರುಗಿಸಿ ನೀವು ಚಕ್ರವನ್ನು ಪರೀಕ್ಷಿಸಿಲ್ಲ, ಸವೆಸಿದ್ದೀರಿ. ಬೇರಿಂಗಿನ ಮೇಲಿರುವ ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಣ ಪದರ (ಎಣ್ಣೆಯ ಬದಲಿಗೆ ಹಚ್ಚುವ ಜಾರು ಲೇಪ) ನಿರ್ವಾತದಲ್ಲಿ ಚೆನ್ನಾಗಿ ಜಾರುತ್ತದೆ. ತೇವದ ಗಾಳಿಯಲ್ಲಿ ಅದೇ ಪದರದ ಘರ್ಷಣೆ ಹಲವು ಪಟ್ಟು ಏರುತ್ತದೆ, ಸವೆತವೂ ಜಾಸ್ತಿ. ನಿರ್ವಾತದ ಹೊರಗೆ ತಿರುಗಿಸಲೇಬೇಕಾದರೆ ಒಣ ನೈಟ್ರೋಜನ್‌ನಲ್ಲಿ ತಿರುಗಿಸಿ, ಅದೂ ನಾಲ್ಕಾರು ಸುತ್ತು ಮಾತ್ರ.

ಇನ್ನು ಕುಗ್ಗುವಿಕೆ. ಲ್ಯಾಬಿನ ಉಷ್ಣತೆಯಿಂದ 7 ಕೆಲ್ವಿನ್‌ಗೆ (ಸುಮಾರು ಮೈನಸ್ 266 ಡಿಗ್ರಿ ಸೆಲ್ಸಿಯಸ್) ಇಳಿಯುವಾಗ ಅಲ್ಯೂಮಿನಿಯಂ ಮೀಟರಿಗೆ ಸುಮಾರು 4 ಮಿಲಿಮೀಟರ್ ಕುಗ್ಗುತ್ತದೆ, ಬೇರಿಂಗಿನ ಉಕ್ಕು ಹೆಚ್ಚುಕಡಿಮೆ ಅದರ ಅರ್ಧ. 60 ಮಿಲಿಮೀಟರ್ ಬೇರಿಂಗನ್ನು ನೇರವಾಗಿ ಅಲ್ಯೂಮಿನಿಯಂ ಗೂಡಿನಲ್ಲಿ ಕೂರಿಸಿದರೆ ವ್ಯತ್ಯಾಸ 100 ಮೈಕ್ರಾನ್ ದಾಟುತ್ತದೆ. ಬೇರಿಂಗಿನೊಳಗೆ ಅಷ್ಟು ಸಡಿಲ ಎಲ್ಲಿದೆ? ಗೂಡು ಅದನ್ನು ಹಿಂಡಿಬಿಡುತ್ತದೆ. ಟೈಟಾನಿಯಂ ಗೂಡು ಮಾಡಿ, ಇಲ್ಲವೇ ನಡುವೆ ಬಾಗುವ ತೆಳು ಪಟ್ಟಿಗಳನ್ನು ಕೊಡಿ. ಮೋಟಾರಿನ ತಾಮ್ರದ ರೋಧವೂ ಚಳಿಗೆ ತೀರಾ ಇಳಿಯುತ್ತದೆ. ಅದೇ ವೋಲ್ಟೇಜಿಗೆ ಕರೆಂಟ್ ಏರಿಬಿಡುತ್ತದೆ. ಹಾಗಾಗಿ ವೋಲ್ಟೇಜ್ ಅಲ್ಲ, ಕರೆಂಟನ್ನು ನಿಯಂತ್ರಿಸಿ.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಮಿರಿ ಎಂಬ ಇನ್ಫ್ರಾರೆಡ್ ಉಪಕರಣವನ್ನೇ ನೋಡಿ. ಅದು ಕೆಲಸ ಮಾಡುವುದು 7 ಕೆಲ್ವಿನ್‌ಗಿಂತ ಕೆಳಗೆ. ನೆಲದ ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸಿ ಹೋಗಿತ್ತು. ಆದರೂ 2022ರ ಆಗಸ್ಟ್‌ನಲ್ಲಿ ಅದರ ಗ್ರೇಟಿಂಗ್ ಚಕ್ರದ (ಬೆಳಕನ್ನು ಬಣ್ಣಗಳಾಗಿ ಒಡೆಯುವ ಫಲಕಗಳನ್ನು ಹೊತ್ತ ಚಕ್ರ) ಘರ್ಷಣೆ ಏರಿತು. ಕೆಲವು ಸ್ಥಿತಿಗಳಲ್ಲಿ ನಡುವಿನ ಬೇರಿಂಗಿನ ಭಾಗಗಳು ಒಂದಕ್ಕೊಂದು ಒತ್ತುತ್ತಿದ್ದವು. ಆ ಚಕ್ರ ಬೇಕಾಗುವ ವಿಧದ ವೀಕ್ಷಣೆಯನ್ನು ನಿಲ್ಲಿಸಿ, ಚಕ್ರವನ್ನು ಜೋಪಾನವಾಗಿ ಬಳಸುವ ಕ್ರಮ ಕಂಡುಕೊಂಡು, ನವೆಂಬರ್‌ನಲ್ಲಿ ಮತ್ತೆ ಶುರುಮಾಡಿದರು. ದೂರದರ್ಶಕ ಇರುವುದು 15 ಲಕ್ಷ ಕಿಲೋಮೀಟರ್ ಆಚೆ, ರಿಪೇರಿಗೆ ಯಾರೂ ಹೋಗುವಂತಿಲ್ಲ. ಅಷ್ಟು ಪರೀಕ್ಷಿಸಿದ ಚಕ್ರಕ್ಕೇ ಹೀಗಾದರೆ, ಪರೀಕ್ಷಿಸದ ಚಕ್ರವನ್ನು ಯಾವ ಧೈರ್ಯದ ಮೇಲೆ ಕಳಿಸುತ್ತೀರಿ? ನನ್ನ ಮಟ್ಟಿಗೆ, ಅತಿ ಕೆಟ್ಟ ಸ್ಥಿತಿಯಲ್ಲಿ ಬೇಕಾಗುವ ಬಲದ ಎರಡರಷ್ಟಾದರೂ ಮೋಟಾರಿನಲ್ಲಿ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಪ್ರಶ್ನೆ: ವಿಶೇಷ ಗ್ರೀಸ್ ಸಿಗುತ್ತದಂತೆ, ಹಾಕಬಹುದಾ?

ಉತ್ತರ: ಬೇಡ. ಆ ಚಳಿಯಲ್ಲಿ ಯಾವ ಗ್ರೀಸೂ ಗಟ್ಟಿಯಾಗುತ್ತದೆ. ಮಾರಲು ಬಂದವರ ಹತ್ತಿರ 7 ಕೆಲ್ವಿನ್‌ನಲ್ಲಿ, ನಿರ್ವಾತದಲ್ಲಿ ಅಳೆದ ಟಾರ್ಕ್ (ತಿರುಗಿಸಲು ಬೇಕಾಗುವ ಬಲ) ಲೆಕ್ಕ ಕೇಳಿ. ಇಲ್ಲ ಅಂದರೆ ಬಾಗಿಲು ತೋರಿಸಿ.

ಪ್ರಶ್ನೆ: ಬಾಹ್ಯಾಕಾಶವೇ ತಣ್ಣಗಿದೆ, ಉಪಕರಣ ತಣ್ಣಗಿಡಲು ಬೇರೆ ಕೂಲರ್ ಯಾಕೆ?

ಉತ್ತರ: ಬಿಸಿಲು ತಡೆಯುವ ಪರದೆಯ ನೆರಳಲ್ಲೂ ವೆಬ್‌ನ ಉಪಕರಣಗಳು ಸುಮಾರು 40 ಕೆಲ್ವಿನ್‌ನಲ್ಲೇ ನಿಲ್ಲುತ್ತವೆ. ಮಿರಿಗೆ ಅದು ಸಾಲದು.

ಪ್ರಶ್ನೆ: ಚಕ್ರ ಅಲುಗದಿರಲು ಮೋಟಾರಿಗೆ ಸದಾ ಕರೆಂಟ್ ಕೊಟ್ಟರೆ?

ಉತ್ತರ: ಆ ಶಾಖವೆಲ್ಲ ಕೂಲರ್ ತಲೆಗೆ ಬರುತ್ತದೆ. ಮಿರಿಯ ಚಕ್ರಗಳನ್ನು ಕರೆಂಟಿಲ್ಲದೆ, ಕೊಂಡಿಯಂತೆ ಸಿಕ್ಕಿಕೊಳ್ಳುವ ರ್‍ಯಾಚೆಟ್ ಹಿಡಿದಿಡುತ್ತದೆ, ನೀವೂ ಹಾಗೇ ಮಾಡಿ.