ಕೀಳಬೇಕೋ, ಬೇಡವೋ?

ಪ್ರಶ್ನೆ: ಮಗಳಿಗೆ 13 ವರ್ಷ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಒಬ್ಬ ತಜ್ಞರು ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಹಾಕಬೇಕೆಂದರು. ಇನ್ನೊಬ್ಬರು, ಒಂದನ್ನೂ ಕೀಳುವುದು ಬೇಡ, ಅಲೈನರ್ (ತೆಗೆದಿಟ್ಟು ಮತ್ತೆ ಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಸಾಕು ಎಂದರು. ಇಬ್ಬರೂ ಓದಿಕೊಂಡವರೇ. ಯಾರ ಮಾತು ಕೇಳಲಿ?
– ಒಬ್ಬ ತಾಯಿ

ಉತ್ತರ: ಅಮ್ಮಾ, ಈ ಜಗಳಕ್ಕೆ ನೂರು ವರ್ಷ ದಾಟಿದೆ. ಹಲ್ಲು ನೇರ ಮಾಡುವ ನಮ್ಮ ಶಾಸ್ತ್ರಕ್ಕೆ ಬುನಾದಿ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ ಹಲ್ಲು ಕೀಳುವುದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್, ತಾವು ನೇರ ಮಾಡಿದ ಹಲ್ಲುಗಳು ಮತ್ತೆ ಸೊಟ್ಟಗಾದದ್ದನ್ನು ಕಂಡು, ಅದೇ ರೋಗಿಗಳ ಹಲ್ಲು ಕಿತ್ತು ಹೊಸದಾಗಿ ಚಿಕಿತ್ಸೆ ಕೊಟ್ಟರು. 1960ರ ದಶಕದ ಹೊತ್ತಿಗೆ ಕೀಳುವುದೇ ವಾಡಿಕೆಯಾಗಿತ್ತು. ಆಮೇಲೆ ಗಾಳಿ ತಿರುಗಿತು.

ಆ ಗಾಳಿಗೆ ನಾನೂ ತೂಗಿದವನೇ. ಕಲಿತ ಹೊಸದರಲ್ಲಿ ಕೀಳಿಸಿದ ಕೆಲವು ಹಲ್ಲುಗಳನ್ನು ಇವತ್ತಾದರೆ ಉಳಿಸುತ್ತಿದ್ದೆ. ಚಿಕಿತ್ಸೆ ಬೇಗ ಮುಗಿಯುತ್ತದೆಂಬ ಮಾತು ನಂಬಿ ತಂತಿಯನ್ನು ತಾವೇ ಹಿಡಿದುಕೊಳ್ಳುವ, ಹಲ್ಲಿಗೆ ಅಂಟಿಸುವ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟುಗಳನ್ನೂ ತರಿಸಿದ್ದೆ. ಪ್ರಯೋಗಗಳಲ್ಲಿ ಆ ವೇಗ ಕಾಣಲಿಲ್ಲ, ನನ್ನ ಕುರ್ಚಿಯಲ್ಲೂ ಕಾಣಲಿಲ್ಲ.

ಈಗ ನಿಮ್ಮ ಮಗಳ ವಿಷಯ. ಸಾಲಿನಲ್ಲಿ ಹಲ್ಲುಗಳಿಗೆ ಬೇಕಾದ ಜಾಗದ ಕೊರತೆ 4 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೀಳುವ ಪ್ರಮೇಯ ಬರುವುದು ಅಪರೂಪ. 10 ದಾಟಿದರೆ ಸಾಮಾನ್ಯವಾಗಿ ಕೀಳಲೇಬೇಕು. ನಡುವಿನದರಲ್ಲೇ ನಾವು ಕಿತ್ತಾಡುವುದು. ತುಟಿ ಮುಂದಕ್ಕಿದೆಯೇ, ಬೇರಿನ ಸುತ್ತ ಮೂಳೆ ಎಷ್ಟಿದೆ ಎಂಬುದರ ಮೇಲೆ ಅಲ್ಲಿ ತೀರ್ಮಾನ. ಹಾಗಾಗಿ ಇಬ್ಬರನ್ನೂ ಕೇಳಿ: ಕೊರತೆ ಎಷ್ಟು ಮಿಲಿಮೀಟರ್? ಕೀಳದಿದ್ದರೆ ಜಾಗ ಎಲ್ಲಿಂದ ಬರುತ್ತದೆ? ಹಲ್ಲಿನ ಬದಿ ತುಸು ಉಜ್ಜಿಯೋ, ಸಾಲನ್ನು ಅಗಲಿಸಿಯೋ, ಮುಂದಕ್ಕೆ ತಳ್ಳಿಯೋ? ಇದಕ್ಕೆ ಅಳತೆ ತೋರಿಸಿ ಉತ್ತರಿಸಿದವರ ಕಡೆಗೆ ನನ್ನ ಒಲವು.

ಅಲೈನರ್ ಬೇರೆಯೇ ಪ್ರಶ್ನೆ. 1999ರಲ್ಲಿ ಇನ್ವಿಸಲೈನ್ ಎಂಬ ಅಲೈನರ್ ಬಂದಾಗ ಮೂಗು ಮುರಿದಿದ್ದೆ, ಈಗ ನಾನೇ ಹಾಕುತ್ತೇನೆ. ಸಣ್ಣಪುಟ್ಟ ವಕ್ರತೆಗೆ ಚೆನ್ನ. ಆದರೆ ಹಲ್ಲು ಕಿತ್ತ ಜಾಗವನ್ನು ಬೇರುಸಮೇತ ನೇರವಾಗಿ ಸರಿಸಿ ಮುಚ್ಚಲು, ದುಂಡಗಿನ ಹಲ್ಲನ್ನು ತಿರುಗಿಸಲು ನನ್ನ ಕೈ ಇನ್ನೂ ತಂತಿಯನ್ನೇ ಹುಡುಕುತ್ತದೆ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಡಬ್ಬಿಯಲ್ಲಿಟ್ಟು ಮರೆತು, ತಪಾಸಣೆಯ ದಿನ ಬೆಳಿಗ್ಗೆ ಹಾಕಿಕೊಂಡು ಬರುವ ಜಾಣರನ್ನು ಕಂಡಿದ್ದೇನೆ. ಬಿಗಿಯಾಗಿ ಕೂರದ ಅಲೈನರೇ ಚಾಡಿ ಹೇಳಿಬಿಡುತ್ತದೆ. ಮಗಳು ಎಂಥವಳೆಂದು ನಮಗಿಂತ ನಿಮಗೆ ಗೊತ್ತು.

ಯಾವುದನ್ನು ಆರಿಸಿದರೂ ಕೊನೆಗೆ ರಿಟೇನರ್ (ನೇರವಾದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ) ತಪ್ಪದು. ಅದನ್ನು ಎಷ್ಟು ವರ್ಷ ಹಾಕಬೇಕೆಂದು ಈಗಲೇ ಕೇಳಿಡಿ. ‘ಆರು ತಿಂಗಳು ಸಾಕು’ ಎಂದರೆ ಮೂರನೆಯವರನ್ನು ನೋಡಿ.