ಮೆದುಳು ಜ್ವರದ ನಂತರ ಕೈಕಾಲು ತಿರುಚಿಕೊಳ್ಳುವುದೇಕೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ 7 ವರ್ಷದ ಮಗನಿಗೆ ಜಪಾನೀಸ್ ಮೆದುಳು ಜ್ವರ ಬಂದಿತ್ತು. ಜ್ವರ ಇಳಿದು ಮನೆಗೆ ಬಂದ ಮೇಲೆ ಅವನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತಿದೆ, ಕೈಕಾಲು ಸೆಟೆದುಕೊಳ್ಳುತ್ತವೆ. ನಿದ್ದೆಯಲ್ಲಿ ಮಾತ್ರ ಸಡಿಲವಾಗುತ್ತವೆ. ಇದು ಫಿಟ್ಸ್ ಇರಬಹುದೇ? ವಾಸಿಯಾಗುತ್ತದೆಯೇ?
— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ವಿವರಣೆ ಡಿಸ್ಟೋನಿಯಾ ಎಂಬ ಚಲನೆಯ ತೊಂದರೆಯನ್ನು ಹೋಲುತ್ತದೆ. ನಿದ್ದೆಯಲ್ಲಿ ಸಡಿಲವಾಗುವುದು ಅದರ ಸುಳಿವಾದರೂ, ಫಿಟ್ಸ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ) ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಸೊಳ್ಳೆಯಿಂದ ಹರಡುವ ಈ ವೈರಸ್ ಮೆದುಳಿನ ಆಳದಲ್ಲಿರುವ, ಚಲನೆಯ ಹದ ಕಾಯುವ ಥಲಾಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾ ಭಾಗಗಳನ್ನು ವಿಶೇಷವಾಗಿ ಘಾಸಿಗೊಳಿಸುವುದರಿಂದ, ಜ್ವರ ಇಳಿದು ವಾರಗಳಾದ ಮೇಲೆ ಕೆಲವು ಮಕ್ಕಳಲ್ಲಿ ಇಂಥ ತಿರುಚುವಿಕೆ, ಇನ್ನು ಕೆಲವರಲ್ಲಿ ಪಾರ್ಕಿನ್ಸನ್ ರೋಗದಂತೆ ನಡುಕ, ಬಿಗಿತ ಮತ್ತು ಭಾವವಿಲ್ಲದ ಮುಖ ಕಾಣಿಸುತ್ತವೆ.

ಮಕ್ಕಳ ನರರೋಗ ತಜ್ಞರು ಟ್ರೈಹೆಕ್ಸಿಫೆನಿಡಿಲ್ ಅಥವಾ ಬ್ಯಾಕ್ಲೋಫೆನ್ ಮಾತ್ರೆಯನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಇವನ್ನು ದಿಢೀರನೆ ನಿಲ್ಲಿಸುವುದು ಅಪಾಯಕರ. ಜೊತೆಗೆ ಫಿಸಿಯೋಥೆರಪಿ ಬೇಕು. ಹಲವು ಮಕ್ಕಳು ತಿಂಗಳುಗಳಲ್ಲಿ ಗಣನೀಯವಾಗಿ ಸುಧಾರಿಸುತ್ತಾರೆ, ಕೆಲವರಲ್ಲಿ ತೊಂದರೆ ಉಳಿಯುತ್ತದೆ. ಈಗಲೇ ಭರವಸೆ ಕೊಡುವುದು ನ್ಯಾಯವಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಚೇತರಿಸಿಕೊಳ್ಳುತ್ತಿದ್ದ ಮಗು ಮತ್ತೆ ಕೆರಳತೊಡಗಿದರೆ, ಮಾತು ಕಳೆದುಕೊಂಡರೆ, ಬಾಯಿ ಅಥವಾ ಕೈಗಳನ್ನು ತಡೆಯಿಲ್ಲದೆ ಆಡಿಸುತ್ತಿದ್ದರೆ, ಎನ್‌ಎಂಡಿಎ ಪ್ರತಿಕಾಯಗಳ (ಮೆದುಳಿನ ನರಕೋಶಗಳ ಎನ್‌ಎಂಡಿಎ ಗ್ರಾಹಕಗಳ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್‌ಗಳ) ಪರೀಕ್ಷೆ ಕೇಳಿ. ಸೋಂಕಿನ ಬೆನ್ನಲ್ಲೇ ರೋಗನಿರೋಧಕ ವ್ಯವಸ್ಥೆಯೇ ಮೆದುಳಿನ ಮೇಲೆ ಎರಗುವ ಈ ಸ್ಥಿತಿಗೆ ಸ್ಟಿರಾಯ್ಡ್, ಇಮ್ಯುನೊಗ್ಲೋಬ್ಯುಲಿನ್‌ನಂಥ ಪರಿಣಾಮಕಾರಿ ಚಿಕಿತ್ಸೆಯಿದೆ. ಬಿಡುವಿಲ್ಲದ ಸೆಟೆತದೊಂದಿಗೆ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.