14 ಇಂಚಿನ ಗಿಡ್ಡ ಬಂದೂಕು ಟೆಕ್ಸಸ್‌ನಲ್ಲಿ ಸರಿ, ಕ್ಯಾಲಿಫೋರ್ನಿಯಾದಲ್ಲಿ ಅಪರಾಧ: ಯಾಕೆ?

ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ನೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. ನೀವು ಸ್ಯಾನ್ ಹೋಸೆಯಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದ್ದೀರಿ. ಗ್ರೀನ್ ಕಾರ್ಡ್ ಇರುವ ನಿಮ್ಮ ಡಲ್ಲಾಸ್ ಗೆಳೆಯರು ಮಾಸ್‌ಬರ್ಗ್ 590 ಶಾಕ್‌ವೇವ್ ಅನ್ನೋ ಗಿಡ್ಡ ಬಂದೂಕು ಕೊಂಡಿದ್ದಾರೆ. ಅಂಗಡಿಯವರು ‘ಇದು ಶಾಟ್‌ಗನ್ನೇ ಅಲ್ಲ, ನೋಂದಣಿ ಬೇಡ, ತೆರಿಗೆ ಬೇಡ’ ಅಂದಿದ್ದಾರೆ. ನಿಮ್ಮ ಆಫೀಸಿನಲ್ಲೊಬ್ಬರು ‘ಅದು ಜೈಲಿಗೆ ಕಳಿಸೋ ಸಾಮಾನು’ ಅಂದಿದ್ದಾರೆ. ಇಬ್ಬರಲ್ಲಿ ಯಾರು ಸರಿ? ಗೆಳೆಯರು ಶನಿವಾರ ಕಾರಿನಲ್ಲಿ ನಿಮ್ಮಲ್ಲಿಗೆ ಹೊರಟಿದ್ದಾರಲ್ಲ, ಅದನ್ನೂ ತರಬಹುದಾ? ರೇಂಜಿಗೆ ಹೋಗಿ ನೀವು ನಾಲ್ಕು ಗುಂಡು ಹೊಡೆಯಬಹುದಾ? ಇಷ್ಟು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಇಬ್ಬರೂ ಸರಿ. ಒಬ್ಬರು ಟೆಕ್ಸಸ್‌ನಲ್ಲಿ ನಿಂತು ಮಾತಾಡಿದ್ದಾರೆ, ಇನ್ನೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ನಿಂತು. ಉಳಿದ ಎರಡಕ್ಕೂ ನನ್ನ ಉತ್ತರ ಒಂದೇ: ಬೇಡ.

ನಾನು ವಕೀಲನಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು, ಈಗ ಟೆಕ್ಸಸ್‌ನಲ್ಲಿ ನೆಲೆಸಿ ಇಲ್ಲಿನ ಪೌರತ್ವ ಪಡೆದವನು. ನಿಮ್ಮ ಗೆಳೆಯರ ಹತ್ತಿರ ಇರುವಂಥದ್ದೇ ಒಂದು ನನ್ನ ಹತ್ತಿರವೂ ಇದೆ. ಊರಲ್ಲಿ ನಮ್ಮ ಮನೆಯಲ್ಲಿ ಜೋಡಿ ನಳಿಕೆಯ ಕೋವಿ ಇತ್ತು. ಹಂದಿ, ಮಂಗನ ಕಾಟಕ್ಕೆ ಅಂತ ಬೆಳೆ ರಕ್ಷಣೆಯ ಲೈಸೆನ್ಸ್. ಚುನಾವಣೆ ಬಂತು ಅಂದ್ರೆ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಅಲ್ಲಿ ಕಾನೂನು ಮೊದಲು ಕೇಳೋದು ‘ಲೈಸೆನ್ಸ್ ಎಲ್ಲಿ’ ಅಂತ. ನಳಿಕೆ ಕತ್ತರಿಸಿ ಗಿಡ್ಡ ಮಾಡಬೇಕು ಅಂದ್ರೂ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅದಕ್ಕೇ ಬೇರೆ ಲೈಸೆನ್ಸ್ ಬೇಕು. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಮೆರಿಕದ ಕಾನೂನು ಓದಿದರೆ ತಲೆ ಕೆಡುತ್ತದೆ. ಇಲ್ಲಿ ಕಾನೂನು ವಸ್ತುವಿಗೆ ಮೊದಲು ಒಂದು ಹೆಸರು ಕೊಡುತ್ತದೆ. ಮಿಕ್ಕ ನಿಯಮಗಳೆಲ್ಲ ಆ ಹೆಸರಿನ ಹಿಂದೆ ಬರುತ್ತವೆ.

ಫೆಡರಲ್, ಅಂದ್ರೆ ಇಡೀ ದೇಶಕ್ಕೆ ಅನ್ವಯಿಸುವ, ಕಾನೂನಿನಲ್ಲಿ ಶಾಟ್‌ಗನ್ ಅಂದ್ರೆ ಏನು? ಹೆಗಲಿಗೆ ಒತ್ತಿಕೊಂಡು ಹೊಡೆಯೋಕೆ ಅಂತ ಮಾಡಿದ, ಒಳಗೆ ಗೀರುಗಳಿಲ್ಲದ ನುಣುಪು ನಳಿಕೆಯ ಬಂದೂಕು. ‘ಹೆಗಲು’ ಅನ್ನೋ ಆ ಒಂದು ಮಾತಿನ ಮೇಲೇ ಇಡೀ ಕಥೆ ನಿಂತಿದೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್, ಎಲ್ಲರೂ ಎನ್‌ಎಫ್‌ಎ ಅಂತಾರೆ, ಏನು ಹೇಳುತ್ತದೆ ಅಂದ್ರೆ: ಶಾಟ್‌ಗನ್ನಿನ ನಳಿಕೆ 18 ಇಂಚಿಗಿಂತ ಕಡಿಮೆ ಇದ್ದರೆ, ಇಲ್ಲವೇ ಶಾಟ್‌ಗನ್ನಿನಿಂದ ಮಾಡಿದ ಬಂದೂಕಿನ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ, ಅದನ್ನು ನೋಂದಣಿ ಮಾಡಿಸಲೇಬೇಕು. ಮಾಡಿಸದೆ ಇಟ್ಟುಕೊಂಡರೆ 10 ವರ್ಷದವರೆಗೆ ಜೈಲು.

ಶಾಕ್‌ವೇವ್ ನಳಿಕೆ 14 ಇಂಚು ಮತ್ತು ಸ್ವಲ್ಪ ಜಾಸ್ತಿ. ಹಾಗಾದ್ರೆ ಸಿಕ್ಕಿಹಾಕಿಕೊಳ್ಳಬೇಕಿತ್ತು, ಅಲ್ವಾ? ಇಲ್ಲ. ಅದಕ್ಕೆ ಹೆಗಲಿಗೆ ಒತ್ತಿಕೊಳ್ಳುವ ಬಟ್ ಇಲ್ಲ. ಕಾರ್ಖಾನೆಯಿಂದ ಬರುವಾಗಲೇ ಹಕ್ಕಿಯ ತಲೆಯಂತೆ ಬಾಗಿದ ಒಂದು ಗಿಡ್ಡ ಹಿಡಿ ಮಾತ್ರ. ಹೆಗಲಿಗೆ ಅಂತ ಮಾಡಿದ್ದಲ್ಲ, ಆದ್ದರಿಂದ ಶಾಟ್‌ಗನ್ ಅಲ್ಲ. ಶಾಟ್‌ಗನ್ ಅಲ್ಲ ಅಂದ ಮೇಲೆ ಗಿಡ್ಡ ಶಾಟ್‌ಗನ್ ಆಗೋದು ಹೇಗೆ? ಒಟ್ಟು ಉದ್ದ 26 ಇಂಚು ದಾಟಿದೆ, ಹಾಗಾಗಿ ಬಟ್ಟೆಯೊಳಗೆ ಬಚ್ಚಿಡುವ ಆಯುಧಗಳ ಗುಂಪಿಗೂ ಸೇರೋದಿಲ್ಲ. 2017ರಲ್ಲಿ ಎಟಿಎಫ್, ಅಂದ್ರೆ ಬಂದೂಕುಗಳನ್ನು ನೋಡಿಕೊಳ್ಳುವ ಫೆಡರಲ್ ಇಲಾಖೆ, ಕಂಪನಿಗೆ ಪತ್ರ ಬರೆದು ಇದನ್ನೇ ಹೇಳಿತು: ಇದು ಎನ್‌ಎಫ್‌ಎಗೆ ಸೇರೋದಿಲ್ಲ, ಬರೀ ‘ಫೈರ್‌ಆರ್ಮ್’. ರೆಮಿಂಗ್ಟನ್‌ನ ಟ್ಯಾಕ್-14 ಕೂಡ ಇದೇ ಜಾತಿ. ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ಹ್ಯಾಂಡ್‌ಗನ್, ಲಾಂಗ್ ಗನ್, ಅದರ್ ಅಂತ ಚೌಕಗಳಿವೆ. ನನ್ನದಕ್ಕೆ ಅಂಗಡಿಯಾತ ಟಿಕ್ ಹಾಕಿದ್ದು ‘ಅದರ್’ಗೆ.

ಈ ‘ಅದರ್’ ಅನ್ನೋದರಿಂದ ಬೇರೆ ತೊಡಕುಗಳೂ ಇವೆ. ಅಂಗಡಿಯವರು ಶಾಟ್‌ಗನ್ನನ್ನು 18 ವರ್ಷದವರಿಗೆ ಮಾರಬಹುದು, ಇದನ್ನು 21 ತುಂಬಿದವರಿಗೆ ಮಾತ್ರ. ಬೇರೆ ರಾಜ್ಯದವರು ಕೌಂಟರಿಗೆ ಬಂದರೆ, ಎರಡೂ ರಾಜ್ಯದ ಕಾನೂನು ಒಪ್ಪಿದರೆ, ಶಾಟ್‌ಗನ್ ಮಾರಬಹುದು. ಇದನ್ನು ಮಾರುವಂತಿಲ್ಲ.

ಈಗ ಜನ ಎಡವೋ ಜಾಗಕ್ಕೆ ಬರ್ತೀನಿ. ಅದೇ ಕಂಪನಿಯ ಮಾಮೂಲಿ 590 ಒಂದನ್ನು ಪಕ್ಕದಲ್ಲಿಡಿ. ಅದಕ್ಕೆ ಬಟ್ ಇದೆ, ಉದ್ದ ನಳಿಕೆ ಇದೆ. ಒಬ್ಬ ಮನೆಯಲ್ಲೇ ಕೂತು ಬಟ್ ಬಿಚ್ಚಿ ಹಕ್ಕಿತಲೆ ಹಿಡಿ ಹಾಕಿದ, ನಳಿಕೆ ತೆಗೆದು 14 ಇಂಚಿನದು ಕೂರಿಸಿದ ಅಂತಿಟ್ಟುಕೊಳ್ಳಿ. ಮೇಜಿನ ಮೇಲೆ ಎರಡನ್ನೂ ಇಟ್ಟರೆ ಯಾವುದು ಯಾವುದು ಅಂತ ಹೇಳೋಕಾಗಲ್ಲ. ತೂಕ ಒಂದೇ, ಉದ್ದ ಒಂದೇ, ತೋಟಾ ಒಂದೇ. ಆದರೂ ಒಂದು ಅಂಗಡಿಯಲ್ಲಿ ಮಾರೋ ಮಾಲು, ಇನ್ನೊಂದು ನೋಂದಣಿಯಿಲ್ಲದ ಎನ್‌ಎಫ್‌ಎ ಆಯುಧ. ಯಾಕೆಂದರೆ ಎರಡನೆಯದು ಹುಟ್ಟುವಾಗ ಶಾಟ್‌ಗನ್ ಆಗಿತ್ತು. ‘ಶಾಟ್‌ಗನ್ನಿನಿಂದ ಮಾಡಿದ್ದು’ ಅಂತ ಕಾನೂನು ಬರೆದಿದೆ, ಆ ಹುಟ್ಟನ್ನು ಅಳಿಸೋಕಾಗಲ್ಲ. ಉಲ್ಟಾ ಕೂಡ ಅಷ್ಟೇ ಅಪಾಯ. ನಿಮ್ಮ ಗೆಳೆಯರು ‘ಒದೆ ಜಾಸ್ತಿ, ಬಟ್ ಹಾಕಿಸೋಣ’ ಅಂತ ಶಾಕ್‌ವೇವ್‌ಗೆ ಒಂದು ಬಟ್ ಸಿಕ್ಕಿಸಿದರೆ, ಆ ನಿಮಿಷಕ್ಕೆ ಅದು ಗಿಡ್ಡ ಶಾಟ್‌ಗನ್. ಆ ಬಟ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಕೊಳ್ಳೋಕೆ ಯಾರೂ ತಡೆಯಲ್ಲ. ದಯವಿಟ್ಟು ಇದನ್ನು ಅವರಿಗೆ ತಿಳಿಸಿ.

ಹಿಡಿ ಬದಲಾಯಿಸೋದೂ ಹಾಗೇ. ನನ್ನದನ್ನು ತಂದ ವಾರವೇ ಗ್ಯಾರೇಜಿನಲ್ಲಿ ಅಳೆದೆ. ಮೊದಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೆರಳು ಹಾಕಿ ನೋಡಿ, ಬೋಲ್ಟ್, ಅಂದ್ರೆ ನಳಿಕೆಯ ಹಿಂಬದಿ ಮುಚ್ಚುವ ಭಾಗ, ಮುಚ್ಚಿದೆ. ಸಣ್ಣ ಮರದ ಕೋಲನ್ನು ನಳಿಕೆಯ ಬಾಯಿಂದ ಇಳಿಸಿದೆ, ಅದು ಬೋಲ್ಟಿಗೆ ತಾಗಿ ನಿಂತಿತು. ಬಾಯಿಯ ಅಂಚಿಗೆ ಪೆನ್ಸಿಲ್ ಗೀರು ಹಾಕಿ ಕೋಲು ಹೊರಗೆ ತೆಗೆದು ಅಳೆದರೆ ಅದೇ ನಳಿಕೆಯ ಉದ್ದ. ಹೊರಗಿನಿಂದ ಟೇಪ್ ಹಿಡಿದರೆ ತಪ್ಪು ಲೆಕ್ಕ ಬರುತ್ತದೆ. ಒಟ್ಟು ಉದ್ದವನ್ನು ನಳಿಕೆಗೆ ಸಮಾನಾಂತರವಾಗಿ, ಬಾಯಿಯ ತುದಿಯಿಂದ ಹಿಡಿಯ ತುದಿವರೆಗೆ ಅಳೆಯಬೇಕು. ನನಗೆ ಸಿಕ್ಕಿದ್ದು 26 ಇಂಚು ದಾಟಿ ಇನ್ನೊಂದು ಇಂಚಿನ ಮೂರನೇ ಒಂದು ಭಾಗದಷ್ಟು. ಅಂದ್ರೆ ಅರ್ಧ ಅಡಿಕೆಯ ಅಗಲ. ಅಷ್ಟೇ ಅಂತರ! ಆ ಹಿಡಿ ಹಿಂದಕ್ಕೆ ಬಾಗಿರೋದು ಚೆಂದಕ್ಕಲ್ಲ, ಈ ಉದ್ದ ತುಂಬಿಸೋಕೆ. ನೆಟ್ಟಗೆ ಕೆಳಗಿಳಿಯುವ ಪಿಸ್ತೂಲಿನಂಥ ಹಿಡಿ ಹಾಕಿದರೆ 26ಕ್ಕಿಂತ ಕೆಳಗೆ ಬರುತ್ತದೆ, ಎನ್‌ಎಫ್‌ಎಯಲ್ಲಿ ಎನಿ ಅದರ್ ವೆಪನ್ ಅನ್ನೋ ಇನ್ನೊಂದು ಗುಂಪಿಗೆ ಬೀಳುತ್ತದೆ. ಅದಕ್ಕೂ ನೋಂದಣಿ ಬೇಕು. 26 ಇಂಚು ಇದ್ದರೂ ಕೋಟಿನೊಳಗೆ ಬಚ್ಚಿಟ್ಟುಕೊಂಡು ಓಡಾಡಿದರೆ ಅದೇ ಗುಂಪಿಗೆ ಸೇರಬಹುದು ಅಂತ ಎಟಿಎಫ್ ಎಚ್ಚರಿಸಿದೆ.

ಇಂಥ ವಿಚಿತ್ರ ಗೆರೆ ಯಾಕೆ ಬಂತು ಅಂತ ನನಗೂ ಕುತೂಹಲ ಇತ್ತು. 1929ರ ಶಿಕಾಗೋ ವ್ಯಾಲೆಂಟೈನ್ಸ್ ಡೇ ಹತ್ಯಾಕಾಂಡದಂಥ ಗ್ಯಾಂಗ್ ಕೊಲೆಗಳ ಕಾಲ ಅದು. 1934ರ ಮಸೂದೆ ಶುರುವಾದಾಗ ಪಿಸ್ತೂಲು, ರಿವಾಲ್ವರ್‌ಗಳೂ ಅದರೊಳಗೆ ಇದ್ದವು. ಪಿಸ್ತೂಲಿಗೆ ಕಡಿವಾಣ ಹಾಕಿದರೆ ಜನ ಉದ್ದ ಬಂದೂಕು ಕತ್ತರಿಸಿ ಪಿಸ್ತೂಲು ಮಾಡಿಕೊಳ್ಳಬಾರದು, ಅದಕ್ಕೆ ಗಿಡ್ಡ ನಳಿಕೆಯ ನಿಯಮ. ಆಮೇಲೆ ಪಿಸ್ತೂಲುಗಳನ್ನು ಮಸೂದೆಯಿಂದ ಕೈಬಿಟ್ಟರು, ಕತ್ತರಿಸಿದ ಬಂದೂಕಿನ ನಿಯಮ ಹಾಗೇ ಉಳಿಯಿತು. ಬೇಲಿ ಹಾಕಿದ್ದ ತೋಟವೇ ಹೋದ ಮೇಲೆ ಉಳಿದ ಬೇಲಿ ಇದು. 1939ರಲ್ಲಿ ಸುಪ್ರೀಂ ಕೋರ್ಟ್‌ಗೆ ಬಂದ ಮಿಲ್ಲರ್ ಪ್ರಕರಣವೂ ಕತ್ತರಿಸಿದ ಶಾಟ್‌ಗನ್ನಿನದೇ. ಒಕ್ಲಹೋಮಾದಿಂದ ಅರ್ಕನ್ಸಾಗೆ ಸಾಗಿಸಿದ ಒಂದು ಜೋಡಿ ನಳಿಕೆಯ ಬಂದೂಕು. ಆರೋಪಿಗಳ ಪರ ವಾದ ಮಾಡೋಕೆ ಯಾರೂ ಬರಲೇ ಇಲ್ಲ, ತೀರ್ಪು ಬರುವ ಮೊದಲೇ ಮಿಲ್ಲರ್ ಕೊಲೆಯಾಗಿದ್ದ. ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂದ 2008ರ ಹೆಲ್ಲರ್ ತೀರ್ಪಿನಲ್ಲೂ ಅದನ್ನು ಬದಲಿಸಲಿಲ್ಲ.

ಇನ್ನೊಂದು ಗೊಂದಲ ಈಗ ವಾಟ್ಸಾಪ್‌ನಲ್ಲಿ ಓಡಾಡ್ತಿದೆ: ‘ತೆರಿಗೆ ತೆಗೆದುಬಿಟ್ಟರು, ಇನ್ನು ಏನು ಬೇಕಾದರೂ ಕತ್ತರಿಸಿಕೊಳ್ಳಬಹುದು’ ಅಂತ. 1934ರಿಂದ ಇದ್ದ 200 ಡಾಲರ್ ತೆರಿಗೆ ಗಿಡ್ಡ ಶಾಟ್‌ಗನ್ನಿಗೆ 2026ರ ಜನವರಿ 1ರಿಂದ ಸೊನ್ನೆ ಆಗಿದೆ, ನಿಜ. ಆದರೆ ಅರ್ಜಿ, ಬೆರಳಚ್ಚು, ಫೋಟೋ, ಮೊದಲೇ ಪಡೆಯಬೇಕಾದ ಒಪ್ಪಿಗೆ ಎಲ್ಲವೂ ಹಾಗೇ ಇವೆ. ದುಡ್ಡು ಹೋಯಿತು, ನೋಂದಣಿ ಹೋಗಿಲ್ಲ.

ರಾಜ್ಯಗಳ ವಿಷಯಕ್ಕೆ ಬರೋಣ. ಫೆಡರಲ್ ಕಾನೂನು ‘ಶಾಟ್‌ಗನ್ ಅಲ್ಲ’ ಅಂದ ಮಾತ್ರಕ್ಕೆ ರಾಜ್ಯ ಒಪ್ಪಬೇಕಿಲ್ಲ. ಟೆಕ್ಸಸ್‌ನಲ್ಲೇ 2017ರ ಆರಂಭದಲ್ಲಿ ಶಾಕ್‌ವೇವ್ ಮಾರುಕಟ್ಟೆಗೆ ಬಂದಾಗ ಮಾರೋ ಹಾಗಿರಲಿಲ್ಲ. ಇಲ್ಲಿನ ದಂಡ ಸಂಹಿತೆ 18 ಇಂಚಿಗಿಂತ ಗಿಡ್ಡ ನಳಿಕೆಯ ಶಾಟ್‌ಗನ್ ನಿಷೇಧ ಅಂತಿತ್ತು, ಎಟಿಎಫ್ ಪತ್ರ ಅದಕ್ಕೆ ಅಡ್ಡ ಬರೋ ಹಾಗಿರಲಿಲ್ಲ. ಶಾಸನಸಭೆ ತಿದ್ದುಪಡಿ ತಂದು, ಫೆಡರಲ್ ನೋಂದಣಿ ಬೇಡದ್ದಕ್ಕೆ ಇಲ್ಲೂ ನಿಷೇಧ ಬೇಡ ಅಂತ ಮಾಡಿತು. ಅದು ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 1ಕ್ಕೆ. ಆಗಸ್ಟ್ 31ಕ್ಕೆ ಅಪರಾಧ, ಮಾರನೇ ದಿನ ಅಂಗಡಿ ಮಾಲು. 2025ರ ಸೆಪ್ಟೆಂಬರ್‌ನಿಂದ ಗಿಡ್ಡ ನಳಿಕೆಯ ಬಂದೂಕುಗಳನ್ನೇ ಟೆಕ್ಸಸ್ ತನ್ನ ನಿಷೇಧದ ಪಟ್ಟಿಯಿಂದ ತೆಗೆದಿದೆ, ಫೆಡರಲ್ ನಿಯಮ ಮಾತ್ರ ಉಳಿದಿದೆ.

ಕ್ಯಾಲಿಫೋರ್ನಿಯಾ ಬರೆದಿರೋ ರೀತಿಯೇ ಬೇರೆ. ಅಲ್ಲಿನ ಪೀನಲ್ ಕೋಡ್ 17180ರಲ್ಲಿ ಹೆಗಲಿಗೆ ಒತ್ತಿಕೊಳ್ಳದ ಬಂದೂಕಿಗೂ ಜಾಗ ಮಾಡಿದ್ದಾರೆ: ಶಾಟ್‌ಗನ್ ತೋಟಾ ಹಾರಿಸೋಕೆ ಮಾಡಿದ, 18 ಇಂಚಿಗಿಂತ ಗಿಡ್ಡ ನಳಿಕೆಯ ಯಾವ ಬಂದೂಕಾದರೂ ಸರಿ, ಅದು ಗಿಡ್ಡ ಶಾಟ್‌ಗನ್. ಹಕ್ಕಿತಲೆ ಹಿಡಿ, 26 ಇಂಚು, ಎಟಿಎಫ್ ಪತ್ರ ಯಾವುದೂ ಅಲ್ಲಿ ಕೆಲಸಕ್ಕೆ ಬರಲ್ಲ. ಇಟ್ಟುಕೊಳ್ಳೋದು, ರಾಜ್ಯದೊಳಗೆ ತರೋದು, ಇನ್ನೊಬ್ಬರಿಗೆ ಕೊಡೋದು ಎಲ್ಲ ಅಪರಾಧ. ನಿಮ್ಮ ಆಫೀಸಿನವರು ಹೇಳಿದ್ದು ಇದನ್ನೇ.

ದಾರಿಯಲ್ಲಿ ಬೀಗ ಹಾಕಿ ಡಿಕ್ಕಿಯಲ್ಲಿಟ್ಟರೆ ಸಾಕು ಅಂತ ಹೇಳುವವರಿದ್ದಾರೆ. 1986ರ ಫೆಡರಲ್ ಕಾನೂನು ಪ್ರಯಾಣಿಕರಿಗೆ ರಕ್ಷಣೆ ಕೊಡೋದು ಹೊರಡುವ ಜಾಗ, ತಲುಪುವ ಜಾಗ ಎರಡರಲ್ಲೂ ಆ ಬಂದೂಕು ಸಕ್ರಮ ಆಗಿದ್ದರೆ ಮಾತ್ರ. ನಿಮ್ಮ ಗೆಳೆಯರು ತಲುಪೋದು ಸ್ಯಾನ್ ಹೋಸೆಗೆ. ಹಾಗಾಗಿ ಆ ರಕ್ಷಣೆ ಇಲ್ಲ. ಐ-40 ಹೆದ್ದಾರಿಯಲ್ಲಿ ಕೊಲೊರಾಡೋ ನದಿಯ ಸೇತುವೆ ದಾಟಿ ಕ್ಯಾಲಿಫೋರ್ನಿಯಾದ ನೀಡಲ್ಸ್ ಕಡೆ ಕಾಲಿಟ್ಟರೆ ಅವರು ಅಪರಾಧಿ. ಕಾರಿನಲ್ಲಿರೋದು ಅದೇ ಬಂದೂಕು.

ಇಷ್ಟೆಲ್ಲ ಇಂಚಿನ ಲೆಕ್ಕ ಬರೆದೆ. ಆದರೆ ನಿಮ್ಮ ಮಟ್ಟಿಗೆ ಮೊದಲು ನೋಡಬೇಕಾದ್ದು ಇಂಚಲ್ಲ, ವೀಸಾ. ಎಚ್-1ಬಿ, ಎಚ್-4, ಎಲ್-1, ಎಫ್-1, ಇವೆಲ್ಲ ನಾನ್‌ಇಮಿಗ್ರೆಂಟ್, ಅಂದ್ರೆ ತಾತ್ಕಾಲಿಕ ವಾಸದ ವೀಸಾ. ಇವುಗಳ ಮೇಲೆ ಬಂದವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳೋದು ಫೆಡರಲ್ ಅಪರಾಧ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರೋದು ಮುಂತಾದ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದನ್ನು ‘ಇಟ್ಟುಕೊಂಡದ್ದು’ ಅಂತಲೇ ನೋಡುತ್ತಾರೆ. ಫ್ಲೋರಿಡಾದಲ್ಲಿ ಹಮೀದ್ ರೆಹೈಫ್ ಅನ್ನೋ ವಿದ್ಯಾರ್ಥಿಯ ಪ್ರಕರಣವೂ ರೇಂಜಿನದೇ. ಕಾಲೇಜು ಅವನನ್ನು ಕೈಬಿಟ್ಟ ಮೇಲೆ ವೀಸಾ ಸ್ಥಿತಿ ಹೋಗಿತ್ತು, ರೇಂಜಿನಲ್ಲಿ ಗುಂಡು ಹೊಡೆದ, ಜೈಲು ಶಿಕ್ಷೆಯಾಯಿತು. ತನ್ನ ಸ್ಥಿತಿ ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮಾತು ಬರೋ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ನನಗೂ ಎಚ್-1ಬಿ ದಿನಗಳಲ್ಲಿ ಇದು ಗೊತ್ತಿರಲಿಲ್ಲ. ಆಫೀಸಿನ ತಂಡದ ಜೊತೆ ರೇಂಜಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ವಯಸ್ಸಾದವರೊಬ್ಬರು ನನ್ನ ಕೈಯಿಂದ ಫಾರಂ ವಾಪಸ್ ತಗೊಂಡು, ‘ನೀನು ಯಾವ ವೀಸಾದಲ್ಲಿದ್ದೀಯ ಮಗಾ’ ಅಂತ ಮೆಲ್ಲಗೆ ಕೇಳಿದರು. ಹೇಳಿದೆ. ‘ಹಾಗಾದ್ರೆ ಹೊರಗೆ ಕೂತಿರು’ ಅಂದರು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದೆ, ಬೇಜಾರಾಗಿತ್ತು. ಆಮೇಲೆ ಓದಿ ತಿಳಿದ ಮೇಲೆ ಅವರ ಋಣ ದೊಡ್ಡದು ಅನ್ನಿಸಿತು. ನನ್ನ ಗ್ರೀನ್ ಕಾರ್ಡ್ ಅರ್ಜಿ ಆಗ ನಡೆಯುತ್ತಿತ್ತು.

ಗ್ರೀನ್ ಕಾರ್ಡ್ ಇರುವ ನಿಮ್ಮ ಗೆಳೆಯರು ಟೆಕ್ಸಸ್‌ನಲ್ಲಿ ಅದನ್ನು ಇಟ್ಟುಕೊಳ್ಳಬಹುದು. ಆದರೆ ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡೋಕೆ ವಲಸೆ ಕಾನೂನಿನಲ್ಲಿ ಅವಕಾಶ ಇದೆ. ಹುಟ್ಟಾ ಅಮೆರಿಕನ್ನನಿಗೆ ಅದು ಜೈಲು ಅಥವಾ ದಂಡದಲ್ಲಿ ಮುಗಿಯಬಹುದು, ಅವರಿಗೆ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಹೋಗಬಹುದು. ಅವರು ಹೊರಡೋದು ಶನಿವಾರ ಅಂದ್ರಲ್ಲ. ಇವತ್ತೇ ಫೋನ್ ಮಾಡಿ, ಅದನ್ನು ಖಾಲಿ ಮಾಡಿ ಡಲ್ಲಾಸ್ ಮನೆಯ ಸೇಫಿನಲ್ಲೇ ಬೀಗ ಹಾಕಿಟ್ಟು ಬರೋಕೆ ಹೇಳಿ. ಕಾರಿನ ಡಿಕ್ಕಿಯನ್ನೂ ಒಂದು ಸಲ ನೋಡಿಕೊಳ್ಳಲಿ.